ಅಳದ ಮಗುವಿನ ನೋವು

ಅಳದ ಕೂಸಿಗೆ ತಾಯಿಯೂ ಹಾಲು ಕೊಡಳು ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಬೇಕಾದುದನ್ನು ಬಾಯಿಬಿಟ್ಟು ಕೇಳಬೇಕು, ಕೇಳದವನಿಗೆ ಲೋಕದಲ್ಲಿ ಏನೂ ದಕ್ಕದು ಎಂಬುದು ಅದರ ತಾತ್ಪರ್ಯ. ಸಂತೆಯಲ್ಲಿ, ಕಚೇರಿಯಲ್ಲಿ ಈ ಮಾತು ಸಲ್ಲಬಹುದು. ಶಸ್ತ್ರಚಿಕಿತ್ಸೆಯಾದ ಮಕ್ಕಳು ಮಲಗಿರುವ ವಾರ್ಡಿನಲ್ಲಿ ಇದನ್ನು ನಂಬಿ ನಡೆದರೆ ದೊಡ್ಡ ಅನ್ಯಾಯವಾದೀತು. ಅಲ್ಲಿ ಅಳುವ ಮಗುವಿನ ಬಳಿಗೆ ಎಲ್ಲರೂ ಓಡುತ್ತಾರೆ. ಅಳದೆ, ಮಿಸುಕದೆ, ಸೂರನ್ನು ನೋಡುತ್ತ ಮಲಗಿದ ಮಗುವನ್ನು ಕಂಡು 'ಎಷ್ಟು ಒಳ್ಳೆಯ ಮಗು!' ಎಂದು ಮೆಚ್ಚಿ ಮುಂದಕ್ಕೆ ಹೋಗುತ್ತಾರೆ. ನಾನೂ ಹಾಗೆ ಮುಂದಕ್ಕೆ ಹೋದವಳೇ. ಆ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ಉಳಿದ ವಿಚಾರವೆಲ್ಲ ಅದರ ಬೆನ್ನಿಗೇ ಬರುತ್ತದೆ.

1984ನೆಯ ಇಸವಿ. ತರಬೇತಿ ಮುಗಿಸಿ ಜಿಲ್ಲಾಕೇಂದ್ರದ ಆಸ್ಪತ್ರೆಯೊಂದರಲ್ಲಿ ನಾನು ದಾದಿಯಾಗಿ ಸೇರಿದ ಹೊಸತು. ಮಕ್ಕಳ ವಾರ್ಡಿನಲ್ಲಿ ಆರು ವರ್ಷದ ಹುಡುಗನೊಬ್ಬನಿದ್ದ. ಹಿಂದಿನ ರಾತ್ರಿ ಅವನ ಅಪೆಂಡಿಕ್ಸನ್ನು ತೆಗೆದಿದ್ದರು. ಅಕ್ಕಪಕ್ಕದ ಮಂಚಗಳಲ್ಲಿ ಒಂದೇ ಸಮನೆ ಗದ್ದಲ. ಇವನದು ಮಾತ್ರ ಸದ್ದಿಲ್ಲ. "ಏನೋ ಪುಟ್ಟ, ನೋವಿದೆಯೇನೋ?" ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದ. ನನಗೆ ಸಂತೋಷವಾಯಿತು. ದಿನಚರಿಯ ಹಾಳೆಯಲ್ಲಿ 'ರೋಗಿ ಆರಾಮವಾಗಿದ್ದಾನೆ' ಎಂದು ಬರೆದು ಸಹಿ ಹಾಕಿದೆ.

ಸಂಜೆ ಪಾಳಿಗೆ ಬಂದ ಹಿರಿಯ ಸಿಸ್ಟರ್ ಒಬ್ಬರು ಆ ಹಾಳೆಯನ್ನು ಓದಿ, ಏನೂ ಮಾತನಾಡದೆ ಮಂಚದ ಬಳಿಗೆ ಹೋದರು. ಅವರು ಹುಡುಗನನ್ನು ಏನನ್ನೂ ಕೇಳಲಿಲ್ಲ. ಹೊದಿಕೆಯನ್ನು ಮೆಲ್ಲಗೆ ಸರಿಸಿದರು, ಅಷ್ಟೆ. ಅವನ ಎರಡು ಮೊಣಕಾಲೂ ಹೊಟ್ಟೆಯ ಕಡೆಗೆ ಮಡಚಿಕೊಂಡಿದ್ದವು. ಕಾಲ್ಬೆರಳುಗಳು ಮುದುಡಿದ್ದವು. ಒಂದು ಕೈ ಮಂಚದ ಕಂಬಿಯನ್ನು ಹಿಡಿದ ಹಿಡಿತಕ್ಕೆ ಬೆರಳ ಗೆಣ್ಣುಗಳು ಬಿಳಿಚಿದ್ದವು. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತಿತ್ತು. "ಎಲ್ಲಿ ಮರಿ, ಒಂದು ಸಾರಿ ಕೆಮ್ಮು ನೋಡೋಣ" ಎಂದರು ಸಿಸ್ಟರ್. ಹುಡುಗ ಕೆಮ್ಮಲಿಲ್ಲ, ಅವನ ಕಣ್ಣಂಚಿನಿಂದ ನೀರು ಕಿವಿಯವರೆಗೆ ಹರಿಯಿತು. ಆಮೇಲೆ ಮೆಲುದನಿಯಲ್ಲಿ, "ನಾನು ಅಳಲ್ಲ ಸಿಸ್ಟರ್, ಸೂಜಿ ಹಾಕಬೇಡಿ" ಎಂದ.

ಆ ದಿನಗಳಲ್ಲಿ ನೋವಿನ ಮದ್ದೆಂದರೆ ಸಾಮಾನ್ಯವಾಗಿ ಪೃಷ್ಠಕ್ಕೋ ತೊಡೆಗೋ ಚುಚ್ಚುವ ಸೂಜಿಮದ್ದು. ನೋವೆಂದು ಹೇಳಿದರೆ ಸೂಜಿ ಬರುತ್ತದೆ ಎಂಬ ಲೆಕ್ಕವನ್ನು ಆ ಮಗು ತಾನೇ ಹಾಕಿಕೊಂಡಿತ್ತು. ಬಂದೇ ತೀರುವ ಸೂಜಿಗಿಂತ ಆಗಲೇ ಇರುವ ನೋವೇ ವಾಸಿ ಎಂದು ತೀರ್ಮಾನಿಸಿ ಹಲ್ಲುಕಚ್ಚಿಕೊಂಡು ಮಲಗಿತ್ತು. ನಾನು ಕೇಳಿದ ಪ್ರಶ್ನೆಗೆ ಅವನು ಸುಳ್ಳು ಹೇಳಿದನೆಂದು ಹೇಳಲಾರೆ; ನನ್ನ ಪ್ರಶ್ನೆಯನ್ನು ಅವನು 'ಸೂಜಿ ಬೇಕೇ?' ಎಂದು ಕೇಳಿಸಿಕೊಂಡಿದ್ದ, ಅದಕ್ಕೆ ನಿಜವಾದ ಉತ್ತರವನ್ನೇ ಕೊಟ್ಟಿದ್ದ. ನನ್ನ ಸಹಿಯಿದ್ದ ಆ ಹಾಳೆ ಮಾತ್ರ ಸುಳ್ಳಾಗಿತ್ತು.

ನನ್ನದು ಅನನುಭವದ ತಪ್ಪು. ಆದರೆ ವೈದ್ಯಲೋಕವೇ ಇದಕ್ಕಿಂತ ದೊಡ್ಡ ತಪ್ಪನ್ನು ಬಹುಕಾಲ, ತಿಳಿದವರ ಗಾಂಭೀರ್ಯದಿಂದಲೇ ಮಾಡಿಕೊಂಡು ಬಂದಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಹಸುಳೆಗಳ ನರಮಂಡಲ ಇನ್ನೂ ಪಕ್ವವಾಗಿಲ್ಲ, ಆದುದರಿಂದ ಅವಕ್ಕೆ ನೋವು ದೊಡ್ಡವರ ಹಾಗೆ ತಿಳಿಯದು. ಚುಚ್ಚಿದರೆ ಅಳುವುದು ಬರಿಯ ಪ್ರತಿವರ್ತನೆ. ಅತ್ತರೂ ನಾಳೆಗೆ ನೆನಪಿರದು ಎಂದು ಎಷ್ಟೋ ಮಂದಿ ನಂಬಿದ್ದರು. ಇದರ ಜೊತೆಗೆ ಇನ್ನೊಂದು ನಿಜವಾದ ಭಯವೂ ಇತ್ತು: ಅಫೀಮಿನ ಕುಲದ ಮದ್ದುಗಳನ್ನು ಕೊಟ್ಟರೆ ಎಳೆಯ ಮಕ್ಕಳ ಉಸಿರು ನಿಂತೀತು ಎಂಬ ಭಯ. ನಂಬಿಕೆ, ಭಯ ಎರಡೂ ಸೇರಿ ಮಕ್ಕಳ ಪಾಲಿನ ಮದ್ದನ್ನು ಕಿತ್ತುಕೊಂಡವು.

ಎಷ್ಟರ ಮಟ್ಟಿಗೆ ಎಂಬುದನ್ನು ಲೆಕ್ಕವಿಟ್ಟು ತೋರಿಸಿದವರು ಒಬ್ಬ ದಾದಿ ಎಂಬುದು ನನಗೆ ಹೆಮ್ಮೆಯ ಸಂಗತಿ. ಅಮೆರಿಕದ ಅಯೊವಾ ರಾಜ್ಯದ ಜೋಆನ್ ಈಲಂಡ್ ಅವರು ಶಸ್ತ್ರಚಿಕಿತ್ಸೆಯಾದ 25 ಮಕ್ಕಳ ದಾಖಲೆಗಳನ್ನು ತೆಗೆದು ನೋಡಿದರು. ಅವರಲ್ಲಿ 13 ಮಕ್ಕಳಿಗೆ ನೋವಿನ ಮದ್ದನ್ನೇ ಕೊಟ್ಟಿರಲಿಲ್ಲ. ಉಳಿದ 12 ಮಕ್ಕಳಿಗೆ ಎಲ್ಲ ಸೇರಿ ಸಂದದ್ದು 24 ಸಲದ ಮದ್ದು. ಅಂಥದೇ ತೊಂದರೆಗಳಿಗೆ ಆಸ್ಪತ್ರೆ ಸೇರಿದ್ದ 18 ಮಂದಿ ವಯಸ್ಕರ ದಾಖಲೆಗಳನ್ನು ಪಕ್ಕದಲ್ಲಿಟ್ಟು ಎಣಿಸಿದರೆ ಅವರಿಗೆ 671 ಸಲ ಮದ್ದು ಸಂದಿತ್ತು. 1977ರಲ್ಲಿ ಈ ಲೆಕ್ಕ ಪ್ರಕಟವಾಯಿತು. ಅದೇ ಗಾಯ, ಅದೇ ಹೊಲಿಗೆ; ಒಂದು ಕಡೆ 671, ಇನ್ನೊಂದು ಕಡೆ 24. ದೊಡ್ಡವರು ಗಂಟೆ ಬಾರಿಸಿ ಕೇಳಬಲ್ಲವರಾಗಿದ್ದರು, ಮಕ್ಕಳು ಕೇಳಲಾರದವರು.

ಇದಾದ ಮೇಲೂ ಹಳೆಯ ನಂಬಿಕೆ ಕರಗಲು ಕೆಲವು ವರ್ಷಗಳು ಬೇಕಾದವು. 1985ರಲ್ಲಿ ಅಮೆರಿಕದಲ್ಲಿ ತಿಂಗಳು ತುಂಬದೆ ಹುಟ್ಟಿದ ಕೂಸೊಂದಕ್ಕೆ ಎದೆಯನ್ನು ತೆರೆದು ಚಿಕಿತ್ಸೆ ಮಾಡಿದರು. ಮೈ ಅಲುಗದಂತೆ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಮದ್ದನ್ನು ಕೊಟ್ಟಿದ್ದರು. ನೋವು ತಿಳಿಯದಂತೆ ಮಾಡುವ ಅರಿವಳಿಕೆಯನ್ನು ಕೊಟ್ಟಿರಲಿಲ್ಲ. ಕೂಸು ಕೆಲವು ವಾರಗಳ ಮೇಲೆ ತೀರಿಕೊಂಡಿತು. ಮಗುವಿನ ತಾಯಿಗೆ ಈ ವಿಷಯ ತಿಳಿದದ್ದು ಆ ನಂತರ. ಆಕೆ ಅದನ್ನು ಬಹಿರಂಗವಾಗಿ ಬರೆದಾಗ, ಇದು ಅಲ್ಲೊಂದು ಇಲ್ಲೊಂದು ನಡೆದ ಪ್ರಮಾದವಲ್ಲ, ರೂಢಿಯಾಗಿ ನಡೆಯುತ್ತಿದ್ದ ಕ್ರಮ ಎಂದು ಜನ ತಿಳಿದು ದಿಗ್ಭ್ರಾಂತರಾದರು.

ಅದೇ ಕಾಲಕ್ಕೆ ಇಂದೋರಿನಲ್ಲಿ ವೈದ್ಯಶಿಕ್ಷಣ ಪಡೆದು ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ಎಂಬ ತರುಣ ವೈದ್ಯರು ಇದೇ ಪ್ರಶ್ನೆಯನ್ನು ರಕ್ತಪರೀಕ್ಷೆಯ ಮೂಲಕ ಕೇಳುತ್ತಿದ್ದರು. ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಗಿದ್ದ, ತಿಂಗಳು ತುಂಬದೆ ಹುಟ್ಟಿದ ಕೂಸುಗಳಲ್ಲಿ ಕೆಲವಕ್ಕೆ ಅಂದಿನ ವಾಡಿಕೆಯ ಅಲ್ಪ ಅರಿವಳಿಕೆಯನ್ನೂ, ಕೆಲವಕ್ಕೆ ಅದರೊಡನೆ ಫೆಂಟನಿಲ್ ಎಂಬ ಪ್ರಬಲವಾದ ನೋವುನಿವಾರಕವನ್ನೂ ಕೊಟ್ಟು ಹೋಲಿಸಿದರು. ಫೆಂಟನಿಲ್ ಸಿಗದ ಕೂಸುಗಳ ರಕ್ತದಲ್ಲಿ ದೇಹದ ಸಂಕಟವನ್ನು ಸಾರುವ ರಸಗಳು ಉಕ್ಕಿ ಹರಿದಿದ್ದವು. ಚಿಕಿತ್ಸೆಯ ನಂತರದ ತೊಡಕುಗಳೂ ಅವುಗಳಲ್ಲೇ ಹೆಚ್ಚು. 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಬಾಯಿ ಹೇಳಲಾರದ್ದನ್ನು ರಕ್ತ ಹೇಳಿತ್ತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ನವಜಾತ ಶಿಶುಗಳಿಗೂ ಅರಿವಳಿಕೆ ಸಲ್ಲಬೇಕೆಂದು ಸಾರಿತು.

ಮಕ್ಕಳಿಗೆ ನೋವಿದೆ ಎಂಬುದನ್ನು ಹೀಗೆ ಲೋಕ ಒಪ್ಪಿತು. ಆಗ ಎರಡನೆಯ ಪ್ರಶ್ನೆ ಎದ್ದಿತು: ಇದೆ ಸರಿ, ಎಷ್ಟಿದೆ? ಜ್ವರಕ್ಕೆ ಉಷ್ಣಮಾಪಕವಿದೆ, ರಕ್ತದ ಒತ್ತಡಕ್ಕೆ ಪಟ್ಟಿಯಿದೆ. ನೋವನ್ನು ಅಳೆಯುವ ಯಂತ್ರ ಇಂದಿಗೂ ಇಲ್ಲ. ಮಂಚದ ಬಳಿ ಹಗಲಿರುಳು ಇರುವವಳು ದಾದಿ. ಆದುದರಿಂದ ಈ ಅಳತೆಯ ಭಾರ ಅವಳ ಮೇಲೆಯೇ ಬಿತ್ತು.

ಅಮೆರಿಕದ ದಾದಿ ಮಾರ್ಗೊ ಮೆಕ್‌ಕ್ಯಾಫರಿ ಅವರು 1968ರಲ್ಲಿ ನೋವಿಗೆ ಒಂದು ಸರಳ ವ್ಯಾಖ್ಯೆಯನ್ನು ಕೊಟ್ಟಿದ್ದರು. ಅನುಭವಿಸುವವನು ನೋವೆಂದು ಯಾವುದನ್ನು ಹೇಳುತ್ತಾನೋ ಅದೇ ನೋವು. ಅವನು ಇದೆಯೆಂದಾಗ ಅದು ಇದೆ. ನೊಂದವನ ಮಾತನ್ನು ನಂಬು ಎಂಬುದು ಅದರ ತಿರುಳು. ದೊಡ್ಡವರ ವಿಷಯದಲ್ಲಿ ಇದಕ್ಕಿಂತ ಉತ್ತಮವಾದ ಪಾಠ ಇನ್ನೊಂದಿಲ್ಲ. ಆದರೆ ಹೇಳುವ ಶಕ್ತಿಯೇ ಇಲ್ಲದವರ ಗತಿಯೇನು? ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ ಇದನ್ನು ಸ್ಪಷ್ಟವಾಗಿ ಸೇರಿಸಿತು. ಮಾತು ನೋವನ್ನು ತೋರುವ ಹಲವು ಬಗೆಗಳಲ್ಲಿ ಒಂದು ಮಾತ್ರ. ಹೇಳಲಾರದವನಿಗೆ ನೋವಿಲ್ಲ ಎಂದು ತಿಳಿಯಕೂಡದು.

ಆದ್ದರಿಂದ ದಾದಿಯ ಮೊದಲ ಕ್ರಮ, ಮಗು ಹೇಳಬಲ್ಲದಾದರೆ ಅದನ್ನೇ ಕೇಳುವುದು. ಅದಕ್ಕೆ ಹೇಳಲು ಸಾಧ್ಯವಾಗುವ ಹಾಗೆ ಕೇಳುವುದು. ನಮ್ಮ ಕನ್ನಡದಲ್ಲಿ ನೋವಿಗೆ ಎಷ್ಟು ಮಾತುಗಳಿವೆ! ಉರಿಯುತ್ತದೆ, ಸಿಡಿಯುತ್ತದೆ, ಸೆಳೆಯುತ್ತದೆ, ಚುಚ್ಚುತ್ತದೆ, ಹಿಂಡುತ್ತದೆ ಎಂದು ದೊಡ್ಡವರು ಬಿಡಿಸಿ ಹೇಳುತ್ತಾರೆ. ಮೂರು ವರ್ಷದ ಮಗುವಿಗೆ ಇರುವುದು ಒಂದೋ ಎರಡೋ ಮಾತು, ಅದೂ ತನ್ನ ಮನೆಯದು. ಒಂದು ಮನೆಯಲ್ಲಿ ಅದು 'ಅಬ್ಬು' ಆಗಿದ್ದರೆ ಇನ್ನೊಂದು ಮನೆಯಲ್ಲಿ ಬೇರೆ ಏನೋ. ಉತ್ತರದ ಕಡೆಯ ಹುಡುಗಿಯೊಬ್ಬಳು "ಹೊಟ್ಟಿ ಕಡೀತೈತಿ" ಎಂದು ಅತ್ತಾಗ, ದಕ್ಷಿಣದಿಂದ ಹೊಸದಾಗಿ ಬಂದಿದ್ದ ನಮ್ಮ ತರುಣಿಯೊಬ್ಬಳು ಹಾಸಿಗೆಯಲ್ಲಿ ಇರುವೆ ಹುಡುಕಿದ್ದುಂಟು. ಅದಕ್ಕೇ ನಾನು ಶಸ್ತ್ರಚಿಕಿತ್ಸೆಯ ಹಿಂದಿನ ದಿನವೇ ತಾಯಿಯನ್ನು ಕೂಡಿಸಿಕೊಂಡು, "ಏನಮ್ಮ, ನಿಮ್ಮ ಮಗು ಬಿದ್ದು ಪೆಟ್ಟಾದರೆ ಏನೆನ್ನುತ್ತದೆ?" ಎಂದು ಕೇಳಿ, ಆ ಮಾತನ್ನು ಹಾಳೆಯ ತುದಿಯಲ್ಲಿ ಬರೆದಿಡುತ್ತಿದ್ದೆ. ರಾತ್ರಿಪಾಳಿಯ ದಾದಿಗೆ ಆ ಒಂದು ಪದ ಬಹಳ ಉಪಕಾರ ಮಾಡುತ್ತದೆ.

ಎಷ್ಟು ನೋವು ಎಂಬುದಕ್ಕೆ ಮಕ್ಕಳಿಂದ ಉತ್ತರ ಪಡೆಯಲು ದಾದಿಯರು ಹೂಡಿದ ಉಪಾಯಗಳು ಒಂದೊಂದೂ ಸ್ವಾರಸ್ಯವಾಗಿವೆ. ಈಲಂಡ್ ಅವರು ಮಗುವಿನ ಕೈಗೆ ಬಣ್ಣದ ಕಡ್ಡಿಗಳನ್ನು ಕೊಟ್ಟರು. ತುಂಬ ನೋವಿಗೆ ಯಾವ ಬಣ್ಣ, ಸ್ವಲ್ಪ ನೋವಿಗೆ ಯಾವ ಬಣ್ಣ ಎಂದು ಮಗುವೇ ಆರಿಸಿ, ಮನುಷ್ಯಾಕೃತಿಯ ಚಿತ್ರದಲ್ಲಿ ತನಗೆ ನೋವಿರುವ ಕಡೆ ಬಳಿಯಬೇಕು. ನ್ಯಾನ್ಸಿ ಹೆಸ್ಟರ್ 1979ರಲ್ಲಿ ನಾಲ್ಕು ಕೆಂಪು ಬಿಲ್ಲೆಗಳನ್ನು ಬಳಸಿದರು. ಒಂದೊಂದು ಬಿಲ್ಲೆಯೂ ನೋವಿನ ಒಂದೊಂದು ತುಣುಕು, ನಿನ್ನ ಹತ್ತಿರ ಎಷ್ಟು ತುಣುಕು ಇದೆ ಎಂದು ಪ್ರಶ್ನೆ. ಜೂಡಿತ್ ಬೇಯರ್ ಅವರು ಮಗುವಿನ ಮುಖದ ಛಾಯಾಚಿತ್ರಗಳನ್ನು ಏಣಿಯ ಮೆಟ್ಟಿಲಂತೆ ಜೋಡಿಸಿದರು. ಓಕ್ಲಹೋಮದ ಟಲ್ಸಾ ನಗರದಲ್ಲಿ ಸುಟ್ಟಗಾಯದ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ಡೋನಾ ವಾಂಗ್ ಮತ್ತು ಕಾನಿ ಬೇಕರ್ 1980ರ ದಶಕದ ಆರಂಭದಲ್ಲಿ ಆರು ದುಂಡು ಮುಖಗಳನ್ನು ಬರೆಯಿಸಿದರು. ಮೊದಲನೆಯದು ನಗುವ ಮುಖ, ಕೊನೆಯದು ಕಣ್ಣೀರಿಡುವ ಮುಖ. ಇಂದು ಜಗತ್ತಿನ ಅದೆಷ್ಟೋ ಆಸ್ಪತ್ರೆಗಳ ಗೋಡೆಗಳ ಮೇಲೆ ಕಾಣುವುದು ಈ ಆರು ಮುಖಗಳೇ.

ನಾನು ಬಿಲ್ಲೆಗಳಿಗೆ ಬದಲಾಗಿ ಕೇರಂ ಆಟದ ನಾಲ್ಕು ಕಾಯಿಗಳನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆ. ಅವು ನಮ್ಮ ಮಕ್ಕಳು ಬಲ್ಲ ವಸ್ತು. ನುಂಗುವಷ್ಟು ಚಿಕ್ಕವೂ ಅಲ್ಲ. ಒಮ್ಮೆ ಏಳು ವರ್ಷದ ಹುಡುಗಿಯೊಬ್ಬಳ ಮುಂದೆ ಅವನ್ನು ಇಟ್ಟು ಕೇಳಿದೆ. ಅವಳು ಒಂದನ್ನು ಎತ್ತಿಕೊಂಡಳು. ಸರಿ, ಸ್ವಲ್ಪವೇ ನೋವು ಎಂದು ನಾನು ಏಳುವಷ್ಟರಲ್ಲಿ, "ಇದು ಸುಮ್ನೆ ಮಲಗಿದ್ರೆ. ಎದ್ದು ಕೂತ್ರೆ ನಾಲ್ಕೂ ನಂದೇ" ಎಂದಳು. ಶಸ್ತ್ರಚಿಕಿತ್ಸೆಯಾದ ರೋಗಿಯ ನೋವನ್ನು ಮಲಗಿದ್ದಾಗ ಒಮ್ಮೆ, ಮೈ ಅಲುಗಿಸಿದಾಗ ಒಮ್ಮೆ ನೋಡಬೇಕು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಕೆಮ್ಮಲು, ಆಳವಾಗಿ ಉಸಿರೆಳೆಯಲು ನೋವು ಬಿಡದಿದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ. ಎದ್ದು ಓಡಾಡುವುದು ತಡವಾಗುತ್ತದೆ. ಆ ಹುಡುಗಿ ಇದನ್ನೆಲ್ಲ ನಾಲ್ಕು ಕಾಯಿಗಳಲ್ಲಿ ಹೇಳಿದ್ದಳು.

ಈ ಉಪಾಯಗಳಿಗೆ ತಮ್ಮವೇ ಆದ ಮಿತಿಗಳಿವೆ. ಚಿತ್ರದ ಮೊದಲ ಮುಖ ನಗುತ್ತಿದ್ದರೆ, ನೋವಿಲ್ಲದಿದ್ದರೂ ಮನೆಯ ನೆನಪಾಗಿ ಬೇಸರದಲ್ಲಿರುವ ಮಗು ಅದನ್ನು ಮುಟ್ಟುವುದಿಲ್ಲ. ತುಂಬ ಎಳೆಯ ಮಕ್ಕಳು ತಮಗೆ ಚಂದ ಕಂಡ ಮುಖವನ್ನೋ, ಸಾಲಿನ ಎರಡು ತುದಿಗಳಲ್ಲಿ ಒಂದನ್ನೋ ತೋರಿಸಿಬಿಡುತ್ತಾರೆ. ಅದಕ್ಕಾಗಿಯೇ ನಗುವೂ ಕಣ್ಣೀರೂ ಇಲ್ಲದ, ಹುಬ್ಬು ಬಾಯಿಗಳು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಬಿಗಿಯುವ ಇನ್ನೊಂದು ಮುಖಮಾಲೆ ಬಂದಿತು. 2001ರಲ್ಲಿ ತಿದ್ದಿ ಪ್ರಕಟಿಸಿದ ಅದರ ರೂಪ ಈಗ ಬಹಳ ಕಡೆ ಬಳಕೆಯಲ್ಲಿದೆ. ಯಾವುದನ್ನು ಬಳಸಿದರೂ ಶಸ್ತ್ರಚಿಕಿತ್ಸೆಗೆ ಮೊದಲೇ ಮಗುವಿಗೆ ಆಟದಂತೆ ಅಭ್ಯಾಸ ಮಾಡಿಸಬೇಕು. ಹೊಲಿಗೆ ಬಿಗಿಯುತ್ತಿರುವಾಗ ಹೊಸ ಪಾಠ ಯಾರ ತಲೆಗೆ ಹತ್ತೀತು? ಇನ್ನೊಂದು ಮಾತು: ಈ ಮುಖಗಳನ್ನು ತೋರಿಸಬೇಕಾದುದು ಮಗು. ದಾದಿ ದೂರದಿಂದ ಮಗುವಿನ ಮುಖವನ್ನು ನೋಡಿ, ಚಿತ್ರದೊಡನೆ ಹೋಲಿಸಿ ತಾನೇ ಅಂಕ ಹಾಕಿದರೆ ಅದು ಅವಳ ಊಹೆಯಾಯಿತೇ ಹೊರತು ಮಗುವಿನ ಮಾತಾಗದು.

ಇನ್ನು ಮಾತೇ ಬಾರದ ಕೂಸು, ಮಾತು ಬಂದರೂ ಹೇಳಲಾಗದ ಎಳೆಯ ಮಗು. ಇವರ ವಿಷಯದಲ್ಲಿ ದಾದಿ ಓದುಗಳಾಗಬೇಕಾಗುತ್ತದೆ; ಮೈಯೇ ಪುಸ್ತಕ. ಈ ಓದಿಗೆ ಹಲವು ಕ್ರಮಗಳಿವೆ. ಹೆಚ್ಚು ಬಳಕೆಯಲ್ಲಿರುವುದು 1997ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸ್ಯಾಂಡ್ರ ಮರ್ಕೆಲ್ ಮತ್ತು ಸಂಗಡಿಗರು ಪ್ರಕಟಿಸಿದ 'ಫ್ಲಾಕ್' ಎಂಬ ಮಾಪಕ. ಎರಡು ತಿಂಗಳ ಕೂಸಿನಿಂದ ಏಳು ವರ್ಷದ ಮಗುವಿನವರೆಗೆ ಇದು ಸಲ್ಲುತ್ತದೆ. ಮುಖ, ಕಾಲು, ಚಲನವಲನ, ಅಳು, ಸಮಾಧಾನ ಎಂಬ ಅರ್ಥದ ಐದು ಇಂಗ್ಲಿಷ್ ಪದಗಳ ಮೊದಲಕ್ಷರಗಳು ಸೇರಿ ಆದ ಹೆಸರು ಅದು. ಒಂದೊಂದಕ್ಕೂ 0, 1 ಅಥವಾ 2 ಅಂಕ. ಎಲ್ಲ ಕೂಡಿದರೆ ಹತ್ತು.

ಮುಖ ಸಹಜವಾಗಿದ್ದರೆ 0. ಆಗಾಗ ಹುಬ್ಬು ಗಂಟಿಕ್ಕಿದರೆ ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದೆ ತನ್ನೊಳಗೇ ಸರಿದಂತಿದ್ದರೆ 1. ಗಲ್ಲ ನಡುಗುತ್ತ, ದವಡೆ ಬಿಗಿದುಕೊಂಡೇ ಇದ್ದರೆ 2. ಕಾಲುಗಳು ಸಡಿಲವಾಗಿದ್ದರೆ 0, ಚಡಪಡಿಸಿದರೆ 1, ಒದೆಯುತ್ತಿದ್ದರೆ ಅಥವಾ ಹೊಟ್ಟೆಯತ್ತ ಮಡಚಿಕೊಂಡಿದ್ದರೆ 2. ಮೈ ಸಲೀಸಾಗಿ ಹೊರಳಿದರೆ 0. ಅತ್ತಿತ್ತ ಹೊರಳಾಡಿದರೆ 1. ಬಿಲ್ಲಿನಂತೆ ಬಾಗಿದ್ದರೆ ಅಥವಾ ಸೆಟೆದುಕೊಂಡಿದ್ದರೆ 2. ಅಳುವಿಲ್ಲದಿದ್ದರೆ 0, ನರಳಿಕೆಗೆ 1, ಎಡೆಬಿಡದ ಅಳುವಿಗೆ 2. ಕೊನೆಯದು ಸಮಾಧಾನ: ತಾನೇ ನೆಮ್ಮದಿಯಾಗಿದ್ದರೆ 0, ಎತ್ತಿಕೊಂಡರೆ, ಮಾತನಾಡಿಸಿದರೆ ಸುಮ್ಮನಾಗುವುದಾದರೆ 1, ಏನು ಮಾಡಿದರೂ ಸಮಾಧಾನವಾಗದಿದ್ದರೆ 2. ಒಟ್ಟು 1ರಿಂದ 3 ಬಂದರೆ ಅಲ್ಪ ತೊಂದರೆ, 4ರಿಂದ 6 ಮಧ್ಯಮ ನೋವು, 7 ಅಥವಾ ಅದಕ್ಕೆ ಮೇಲ್ಪಟ್ಟರೆ ತೀವ್ರ ನೋವು. ಇದನ್ನು ಬಾಗಿಲಲ್ಲಿ ನಿಂತು ನೋಡಿ ಹೇಳುವಂತಿಲ್ಲ. ಹೊದಿಕೆ ಸರಿಸಿ, ಎಚ್ಚರವಿರುವ ಮಗುವನ್ನು ಕೆಲವು ನಿಮಿಷ ನೋಡಬೇಕು. ನಿದ್ದೆಯಲ್ಲಿದ್ದರೆ ಐದು ನಿಮಿಷಕ್ಕೆ ಕಡಮೆಯಿಲ್ಲದಂತೆ ಕಾಯಬೇಕು, ಮೈಯನ್ನು ಮುಟ್ಟಿ ಬಿಗಿತವಿದೆಯೇ ಎಂದು ತಿಳಿಯಬೇಕು.

ಈ ಮಾಪಕ ನನ್ನ ಕೈಗೆ ಬಂದಾಗ ನಾನು ಮೊದಲು ಮಾಡಿದ ಕೆಲಸವನ್ನು ಹೇಳುತ್ತೇನೆ. 1984ರ ಆ ಹುಡುಗನನ್ನು ನೆನೆದು ಅವನಿಗೆ ಅಂಕ ಹಾಕಿದೆ. ತನ್ನೊಳಗೇ ಸರಿದಿದ್ದ ಮುಖಕ್ಕೆ 1. ಮಡಚಿಕೊಂಡಿದ್ದ ಕಾಲಿಗೆ 2. ಸೆಟೆದುಕೊಂಡಿದ್ದ ಮೈಗೆ 2. ಅಳುವಿಗೆ 0. ಅಳುವಿನ ಮನೆಯಲ್ಲಿ ಸೊನ್ನೆಯಿದ್ದರೂ ಮೊತ್ತ ಆಗಲೇ 5. ಕೊನೆಯ ಮನೆಯನ್ನು ತುಂಬಲು ನನ್ನಿಂದಾಗಲಿಲ್ಲ. ಅವನಿಗೆ ಸಮಾಧಾನವಾಗುತ್ತಿತ್ತೋ ಇಲ್ಲವೋ ಎಂದು ತಿಳಿಯಬೇಕಾದರೆ ಯಾರಾದರೂ ಸಮಾಧಾನ ಮಾಡಿ ನೋಡಿರಬೇಕಲ್ಲ, ನಾನು ಮಾಡಿರಲಿಲ್ಲ.

ಅಂಕಗಳ ಈ ಲೆಕ್ಕವೂ ಕಣ್ಣುಮುಚ್ಚಿ ನಂಬುವಂಥದಲ್ಲ. ಅಳುವಿಗೆ ನೂರು ಕಾರಣ. ರಾತ್ರಿಯಿಂದ ಹೊಟ್ಟೆಗೆ ಏನೂ ಬಿದ್ದಿರುವುದಿಲ್ಲ, ಮೂತ್ರಕೋಶ ತುಂಬಿರಬಹುದು, ಡ್ರಿಪ್ ಹಾಕಿದ ಕೈ ಊದಿಕೊಂಡಿರಬಹುದು, ತಾಯಿ ಕಣ್ಣಿಗೆ ಕಾಣದಿರಬಹುದು. ಅರಿವಳಿಕೆಯಿಂದ ಏಳುವಾಗ ಕೆಲವು ಮಕ್ಕಳು ನೋವಿಲ್ಲದಿದ್ದರೂ ಭ್ರಮೆಯಲ್ಲಿ ಚೀರಿ ಒದ್ದಾಡುತ್ತಾರೆ. ಅಂಥ ಮಗು ತಾಯಿಯ ಕಣ್ಣಿಗೆ ಕಣ್ಣು ಕೊಡುವುದಿಲ್ಲ, ತಾನಿರುವ ಎಡೆಯ ಅರಿವು ಅದಕ್ಕಿರುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಶಾಂತವಾಗುತ್ತದೆ. ಇತ್ತ, ನೋವಿದ್ದ ಮಗು ದಣಿದು ನಿದ್ದೆ ಹೋಗಬಹುದು, ಆಟಿಕೆಯಲ್ಲಿ ಮನಸ್ಸಿಟ್ಟು ಗಳಿಗೆಗಾಲ ನಗಲೂಬಹುದು. ನಾಡಿಯ ವೇಗ, ರಕ್ತದ ಒತ್ತಡಗಳೂ ಭಯದಿಂದ ಏರುತ್ತವೆ, ಜ್ವರದಿಂದ ಏರುತ್ತವೆ. ಅವು ಸಾಕ್ಷಿ ಹೇಳಬಲ್ಲವು, ತೀರ್ಪು ಕೊಡಲಾರವು.

ನೋವನ್ನು ಅಳೆಯುವುದು ಬರಿಯ ಕನಿಕರದ ಕೆಲಸವೆಂದು ತಿಳಿಯಬಾರದು. ಮೊಣಕೈಯ ಮೇಲೆ ಮೂಳೆ ಮುರಿದು ಚಿಕಿತ್ಸೆಯಾದ ಮಗುವಿಗೆ ಗಂಟೆಯಿಂದ ಗಂಟೆಗೆ ಮದ್ದು ಹೆಚ್ಚು ಹೆಚ್ಚು ಬೇಕಾಗುತ್ತ ಹೋದರೆ, ಬೆರಳನ್ನು ನೀಡಿಸಿದೊಡನೆ ಚೀರಿದರೆ, ಒಳಗೆ ಒತ್ತಡವೇರಿ ಸ್ನಾಯುಗಳಿಗೆ ರಕ್ತ ಸಾಲದಾಗುತ್ತಿದೆ ಎಂದು ಶಂಕಿಸಬೇಕು. ಕೂಡಲೇ ವೈದ್ಯರನ್ನು ಕರೆಯದಿದ್ದರೆ ಕೈ ಶಾಶ್ವತವಾಗಿ ಊನವಾದೀತು. ಹಿಂದಿನ ಗಂಟೆಯ ಅಂಕ ಹಾಳೆಯಲ್ಲಿ ಇಲ್ಲದಿದ್ದರೆ ಈ ಗಂಟೆಯ ನೋವು ಹೆಚ್ಚಿದೆಯೆಂದು ಯಾರು ಹೇಳಬೇಕು?

ಅಂಕ ಬಂತೆಂದು ಮದ್ದನ್ನು ಸುರಿಯುವಂತಿಲ್ಲ ಎಂಬುದನ್ನೂ ಲೋಕ ಕಷ್ಟಪಟ್ಟು ಕಲಿಯಿತು. 1990ರ ದಶಕದಲ್ಲಿ ಅಮೆರಿಕದಲ್ಲಿ ನೋವನ್ನು ನಾಡಿ, ಉಸಿರು, ಉಷ್ಣ, ಒತ್ತಡಗಳ ಸಾಲಿಗೆ ಐದನೆಯದಾಗಿ ಸೇರಿಸಿ ಎಲ್ಲರಲ್ಲೂ ಅಳೆಯಬೇಕೆಂದು ಸಾರಿದರು. ಅಂಕೆಯನ್ನು ಕೆಳಗಿಳಿಸುವುದೇ ಗುರಿಯಾಗಿ ಅಫೀಮಿನ ಕುಲದ ಮದ್ದುಗಳ ಬಳಕೆ ಮಿತಿಮೀರಲು ಅದೂ ಒಂದು ಕಾರಣವಾಯಿತೆಂಬ ಟೀಕೆ ಬಂದು, 2016ರಲ್ಲಿ ಅಲ್ಲಿನ ವೈದ್ಯರ ಸಂಘವೇ ಅದನ್ನು ಕೈಬಿಡಬೇಕೆಂದಿತು. ಟಾನ್ಸಿಲ್ ತೆಗೆದ ಮಕ್ಕಳಿಗೆ ಒಂದು ಕಾಲದಲ್ಲಿ ಧಾರಾಳವಾಗಿ ಕೊಡುತ್ತಿದ್ದ ಕೊಡೀನ್, ಕೆಲವರ ಮೈಯಲ್ಲಿ ಬಹುಬೇಗ ಮಾರ್ಫಿನ್ ಆಗಿ ಮಾರ್ಪಟ್ಟು ಉಸಿರನ್ನೇ ನಿಲ್ಲಿಸಬಲ್ಲದೆಂದು ತಿಳಿದು, 2013ರಲ್ಲಿ ಅಲ್ಲಿ ಆ ಬಳಕೆ ಕೂಡದೆಂದು ಎಚ್ಚರಿಸಿದರು. ಆದುದರಿಂದ ಇಂದಿನ ಕ್ರಮ ಹೀಗಿದೆ: ಮಗುವಿನ ತೂಕಕ್ಕೆ ತಕ್ಕಂತೆ ಪ್ಯಾರಾಸಿಟಮಾಲಿನಂಥ ಸೌಮ್ಯ ಮದ್ದನ್ನು ನೋವು ಏಳುವ ಮೊದಲೇ ಹೊತ್ತುಹೊತ್ತಿಗೆ ಕೊಡುವುದು, ಸಾಧ್ಯವಾದ ಕಡೆ ಶಸ್ತ್ರಚಿಕಿತ್ಸೆಯಾದ ಭಾಗವನ್ನೇ ಮರಗಟ್ಟಿಸುವುದು, ಪ್ರಬಲವಾದ ಮದ್ದು ಬೇಕಾದರೆ ಡ್ರಿಪ್ಪಿನ ಮೂಲಕ, ಉಸಿರಿನ ಮೇಲೆ ಕಣ್ಣಿಟ್ಟು ಕೊಡುವುದು. ಕೊಟ್ಟಾದ ಮೇಲೆ ಮತ್ತೆ ಹೋಗಿ ನೋಡುವುದು. ಅಳೆಯುವ ಕೆಲಸ ಮುಗಿಯುವುದು ಈ ಎರಡನೆಯ ನೋಟದಲ್ಲಿ. ಅದಿಲ್ಲದ ಮೊದಲ ನೋಟ ಅರ್ಧ ಕೆಲಸ.

ಈ ಎಲ್ಲದರಲ್ಲಿ ದಾದಿಗೆ ದೊಡ್ಡ ಆಸರೆ ಮಗುವಿನ ತಾಯಿತಂದೆಯರು. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳ ನೋವನ್ನು ತಿಳಿಯುವುದು ಎಲ್ಲಕ್ಕಿಂತ ಕಷ್ಟ. ಕೆಲವರು ನೋವಿನಲ್ಲಿ ನಗುತ್ತಾರೆ, ಕೆಲವರು ತಮ್ಮ ತಲೆಯನ್ನೇ ಬಡಿದುಕೊಳ್ಳುತ್ತಾರೆ. ಅದಕ್ಕಾಗಿ ಫ್ಲಾಕ್ ಮಾಪಕವನ್ನು ಪರಿಷ್ಕರಿಸಿದವರು ಪ್ರತಿ ಮಗುವಿನ ತಾಯಿಯನ್ನೂ ಕೇಳಿ, ಆ ಮಗುವಿಗೇ ಮೀಸಲಾದ ಲಕ್ಷಣಗಳನ್ನು ಸೇರಿಸಿಕೊಳ್ಳುವ ಏರ್ಪಾಟು ಮಾಡಿದರು. ಹರ್ನಿಯದಂಥ ಚಿಕ್ಕ ಶಸ್ತ್ರಚಿಕಿತ್ಸೆಗಳಲ್ಲಿ ಅದೇ ದಿನ ಮನೆಗೆ ಕಳಿಸುವುದುಂಟು. ಮರಗಟ್ಟಿಸಿದ್ದು ಇಳಿದು ನಿಜವಾದ ನೋವು ಏಳುವ ಹೊತ್ತಿಗೆ ಮಗು ಮನೆಯಲ್ಲಿರುತ್ತದೆ. ಆಗ ದಾದಿಯ ಕೆಲಸ ಮನೆಯವರದು. ಎಂದಿಗಿಂತ ಕಡಮೆ ಆಡುತ್ತಿದೆಯೇ, ಕಡಮೆ ಉಣ್ಣುತ್ತಿದೆಯೇ, ಎಂದಿಗಿಂತ ಮೌನವಾಗಿದೆಯೇ, ಗಾಯದ ಭಾಗವನ್ನು ಹಿಡಿದುಕೊಳ್ಳುತ್ತದೆಯೇ, ಮಡಿಲು ಬಿಟ್ಟಿಳಿಯದೆ ಅಂಟಿಕೊಂಡಿದೆಯೇ ಎಂಬಂಥ 15 ಪ್ರಶ್ನೆಗಳ ಪಟ್ಟಿಯೊಂದನ್ನು ಕೆನಡದ ಸಂಶೋಧಕರು 1996ರಲ್ಲಿ ತಂದೆತಾಯಿಗಳಿಗಾಗಿಯೇ ರಚಿಸಿದರು. ಆರಕ್ಕೆ ಹೌದೆಂಬ ಉತ್ತರ ಬಂದರೆ ಗಮನಿಸಬೇಕಾದ ನೋವಿದೆಯೆಂದು ಅರ್ಥ.

ಕೇಳುತ್ತಿರುವ ನಿಮ್ಮಲ್ಲಿ ಒಂದು ಪ್ರಾರ್ಥನೆ. ನಿಮ್ಮ ಮನೆಯ ಮಗುವಿಗೆ ಎಂದಾದರೂ ಶಸ್ತ್ರಚಿಕಿತ್ಸೆಯಾಗುವ ಪ್ರಸಂಗ ಬಂದರೆ, ಅದು ನೋವಿಗೆ ಏನೆನ್ನುತ್ತದೆ, ನೊಂದಾಗ ಹೇಗಿರುತ್ತದೆ ಎಂಬುದನ್ನು ದಾದಿಗೆ ಹೇಳಿ. ಅವಳು ಕೇಳದಿದ್ದರೂ ಹೇಳಿ. 'ಗಂಡುಹುಡುಗ, ಅಳಬಾರದು' ಎಂದು ತಡೆಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, 'ಅತ್ತರೆ ಸಿಸ್ಟರಿಗೆ ಹೇಳಿ ಸೂಜಿ ಹಾಕಿಸುತ್ತೇನೆ' ಎಂದು ಗದರಿಸಬೇಡಿ. ನಮ್ಮ ಮನೆಗಳಲ್ಲಿ ಮಕ್ಕಳನ್ನು ಹೆದರಿಸಲು ಗುಮ್ಮನ ಜಾಗದಲ್ಲಿ ದಾದಿ ಬಂದು ಎಷ್ಟೋ ಕಾಲವಾಯಿತು. ಹಾಗೆ ಹೆದರಿದ ಮಗುವೇ ಮುಂದೊಂದು ದಿನ ಮೊಣಕಾಲು ಮಡಚಿಕೊಂಡು, ನೋವಿಲ್ಲವೆಂದು ತಲೆಯಾಡಿಸುವುದು.

ಮೊದಲು ಹೇಳಿದ ಮಾತಿಗೇ ಮತ್ತೆ ಬರುತ್ತೇನೆ. ಅಳದ ಕೂಸಿಗೆ ತಾಯಿಯೂ ಹಾಲು ಕೊಡಳು ಎಂಬುದು ತಾಯಂದಿರ ಮೇಲೆ ಹೊರಿಸಿದ ಅಪವಾದ. ಮಗು ಅಳುವ ಮೊದಲೇ ತುಟಿ ಚಲಿಸಿದ್ದನ್ನು ಕಂಡು, ತಲೆ ಅತ್ತಿತ್ತ ಹೊರಳಿದ್ದನ್ನು ಕಂಡು ಎದೆಗೆತ್ತಿಕೊಂಡ ತಾಯಂದಿರನ್ನು ನಾನು ಪ್ರತಿರಾತ್ರಿಯೂ ನೋಡಿದ್ದೇನೆ. ನಮ್ಮ ಮುಖಮಾಲೆಗಳು, ಬಿಲ್ಲೆಗಳು, ಐದು ಮನೆಯ ಅಂಕಪಟ್ಟಿಗಳು ಆ ನೋಟದಿಂದ ಪಡೆದ ಸಾಲವೇ ಸರಿ. ಸಂಜೆ ಪಾಳಿಗೆ ಬರುವ ಕಿರಿಯರಿಗೆ ನಾನು ಕೊನೆಯವರೆಗೂ ಹೇಳುತ್ತಿದ್ದುದು ಒಂದೇ ಮಾತು: ಗದ್ದಲವಿರುವ ಮಂಚಕ್ಕೆ ಹೇಗೂ ಹೋಗುತ್ತೀರಿ, ಸದ್ದಿಲ್ಲದ ಮಂಚಕ್ಕೆ ಮೊದಲು ಹೋಗಿ, ಹೊದಿಕೆ ಸರಿಸಿ ನೋಡಿ.